ಬಕೆಟ್ಟಿಗೆ ಬಾಯಿ ಹಾಕೋ ಬೆಕ್ಕು

ಈ ಸಲ ಬಂದಿರೋ ಪತ್ರಗಳಲ್ಲಿ ಆರು ಬೆಕ್ಕಿನವು, ಆರರಲ್ಲೂ ಹೆಚ್ಚುಕಮ್ಮಿ ಒಂದೇ ದೂರು, ನೀರು ವಿಪರೀತ ಕುಡೀತಿದೆ ಇಲ್ಲಾ ಉಚ್ಚೆ ವಿಪರೀತ ಆಗ್ತಿದೆ. ಹಂಗಾಗಿ ಈ ಕಂತು ಪೂರ್ತಿ ಬೆಕ್ಕಿಗೇ ಬಿಟ್ಟಿದೀನಿ, ನಾಯಿ ಮೊಲ ಸಾಕಿರೋರು ಬೇಜಾರ್ ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಗಳು ಎತ್ತಿಟ್ಕೊಂಡಿದೀನಿ.

ಪ್ರಶ್ನೆ: ಮೇಡಂ, ನಮ್ಮ ಗುಂಡನಿಗೆ ಈಗ 12 ವರ್ಷ, ಗಂಡು, ಆಪರೇಷನ್ ಆಗಿದೆ, 4 ಕೆಜಿ ಇದಾನೆ. ಯಾವತ್ತೂ ಬಟ್ಟಲಿನ ನೀರು ಮೂಸಿ ನೋಡ್ತಿರ್ಲಿಲ್ಲ, ಈಗ ಎರಡು ತಿಂಗಳಿಂದ ಬಚ್ಚಲುಮನೆ ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ನಿಂತ್ಕೊಂಡು ಕುಡೀತಾನೆ, ಪಾತ್ರೆ ತೊಳಿಯೋಕೆ ನಲ್ಲಿ ತಿರುಗಿಸಿದ್ರೆ ಸಾಕು ಓಡಿಬರ್ತಾನೆ. ಲಿಟರ್ ಟ್ರೇನಲ್ಲಿ ಮುಂಚೆ ನಿಂಬೆಹಣ್ಣಿನಷ್ಟು ಉಂಡೆ ಕಟ್ಟೋದು, ಈಗ ಅಚ್ಚು ಬೆಲ್ಲದಷ್ಟು. ಮೈಯೂ ಸ್ವಲ್ಪ ಇಳಿದಿದೆ. ನಮ್ಮತ್ತೆ ಬಿಸಿಲಿಗೆ ಅಂತಾರೆ, ಪಕ್ಕದ್ಮನೆಯೋರು ಕಿಡ್ನಿ ಹೋಗಿದೆ ಇನ್ನೇನೂ ಮಾಡಕ್ಕಾಗಲ್ಲ ಅಂತಾರೆ. ರಾತ್ರಿ ಹೊತ್ತು ನೀರಿನ ಬಟ್ಟಲು ಎತ್ತಿಟ್ರೆ ಉಚ್ಚೆ ಕಮ್ಮಿ ಆಗತ್ತಾ?
– ಎಸ್., ಕುವೆಂಪುನಗರ, ಮೈಸೂರು

ಉತ್ತರ: ಕೊನೇ ಪ್ರಶ್ನೆಯಿಂದ್ಲೇ ಶುರು ಮಾಡ್ತೀನಿ ಅಮ್ಮ, ಅದೇ ಅರ್ಜೆಂಟು. ಬಟ್ಟಲು ಎತ್ತಿಡಬೇಡಿ, ಒಂದು ರಾತ್ರಿಗೂ ಬೇಡ. ಕುಡಿದಿದ್ದಕ್ಕೆ ಉಚ್ಚೆ ಹೋಗತ್ತೆ ಅಂತ ನಾವೆಲ್ಲ ಅಂದ್ಕೋತೀವಿ, ಇಂಥ ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಅದು ಉಲ್ಟಾ ಇರತ್ತೆ, ಮೊದಲು ನೀರು ಉಚ್ಚೇಲಿ ಹೋಗಿಬಿಡತ್ತೆ, ಮೈ ಒಣಗತ್ತೆ, ಆಮೇಲೆ ಅದನ್ನ ತುಂಬ್ಕೊಳ್ಳೋಕೆ ಬಕೆಟ್ಟಿಗೆ ಬಾಯಿ ಹಾಕತ್ತೆ. ನೀವು ಬಟ್ಟಲು ಎತ್ತಿಟ್ರೂ ಉಚ್ಚೆ ಹೋಗೋದು ನಿಲ್ಲಲ್ಲ, ಬೆಳಿಗ್ಗೆ ಹೊತ್ತಿಗೆ ಗುಂಡ ಬಾಡಿದ ದಂಟಿನ ಸೊಪ್ಪಿನಂಗೆ ಬಿದ್ದಿರ್ತಾನೆ, ಕಿಡ್ನಿ ಮೊದಲೇ ಸೋತಿದ್ರೆ ಆ ಒಂದು ರಾತ್ರೀಲಿ ಇನ್ನೂ ಕೆಡಬಹುದು.

ಇನ್ನು ನಿಮ್ಮತ್ತೆ ಮಾತು. ಬಿಸಿಲಿಗೆ ಬೆಕ್ಕು ಜಾಸ್ತಿ ನೀರು ಕುಡಿಯೋದು ನಿಜಾನೇ, ಆದ್ರೆ ಆ ನೀರು ಉಸಿರಲ್ಲಿ, ಮೈ ನೆಕ್ಕಿಕೊಂಡ ಎಂಜಲಲ್ಲಿ ಆವಿಯಾಗಿ ಹೋಗತ್ತೆ, ಉಚ್ಚೆ ಮುಂಚಿನಷ್ಟೇ ಇರತ್ತೆ ಇಲ್ಲಾ ಇನ್ನೂ ಕಮ್ಮಿ ಆಗತ್ತೆ. ಉಂಡೆ ದೊಡ್ಡದಾಗಿದೆ ಅಂತ ನೀವೇ ಬರೆದಿದೀರಲ್ಲ, ಆ ಒಂದು ಸಾಲಿಗೆ ಬಿಸಿಲಿನ ವಾದ ಬಿದ್ದೋಯ್ತು. ಇದನ್ನ ಅತ್ತೆಗೆ ಹೆಂಗೆ ಹೇಳ್ತೀರೋ ಅದು ನಿಮಗೆ ಬಿಟ್ಟಿದ್ದು. ನಾನೇನು ಸಾಚಾ ಅಲ್ಲ, ನಮ್ಮನೆ ಬೆಳ್ಳಿ ಒಂದು ವರ್ಷ ಏಪ್ರಿಲ್‌ನಲ್ಲಿ ತುಳಸಿಕಟ್ಟೆಗೆ ಸುರಿದ ನೀರು ನೆಕ್ಕೋಕೆ ಶುರು ಮಾಡಿದ್ಲು, ದಿನಾ ಊರೋರ ಬೆಕ್ಕು ನೋಡೋ ನಾನು ನಮ್ಮನೇದಕ್ಕೆ ಮಾತ್ರ ಬಿಸಿಲು ಬಿಸಿಲು ಅಂತ ಜೂನ್ ತನಕ ತಳ್ಳಿದೆ, ಮಳೆ ಹಿಡಿದ್ಮೇಲೂ ನೆಕ್ತಾನೇ ಇದ್ಲಲ್ಲ ಅಂತ ರಕ್ತ ತೆಗೆದ್ರೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ, ಕಿಡ್ನಿ ಸೋತ್ರೆ ರಕ್ತದಲ್ಲಿ ಏರತ್ತೆ) 4.1.

ಪಕ್ಕದ್ಮನೆಯೋರ ಮಾತೂ ಅರ್ಧಕ್ಕರ್ಧ ಊಹೆನೇ. ವಯಸ್ಸಾದ ಬೆಕ್ಕಲ್ಲಿ ಕಿಡ್ನಿ ತೊಂದ್ರೆ ತುಂಬಾ ಕಾಮನ್, ಅದರ ಜೊತೆಗೇ ಸಕ್ಕರೆ ಕಾಯಿಲೆ, ಥೈರಾಯ್ಡ್ ಜಾಸ್ತಿ ಆಗೋದು, ಈ ಮೂರು ಪದೇಪದೇ ಸಿಗ್ತವೆ. ಮೂರರಲ್ಲೂ ಹೊರಗಿಂದ ಕಾಣೋದು ಒಂದೇ ಥರ, ನೀರು ಕುಡಿಯೋದು, ಸೊರಗೋದು. ಮೂರಕ್ಕೂ ಔಷಧಿ ಪೂರ್ತಿ ಬೇರೆಬೇರೆ. ಅದಕ್ಕೇ ಕಿಡ್ನಿ ಹೋಗಿದೆ ಅಂತ ಮೊದಲೇ ತೀರ್ಮಾನ ಮಾಡಿ ಅಳ್ತಾ ಕೂತ್ಕೋಬೇಡಿ.

ಆರೋಗ್ಯವಾಗಿರೋ ಬೆಕ್ಕಿನ ಕಿಡ್ನಿ ಭಾರಿ ಜಿಪುಣ. ಈ ಪ್ರಾಣಿ ಮೂಲದಲ್ಲಿ ಮರುಭೂಮಿ ಕಡೇದು, ಇಲಿ ಹಕ್ಕಿ ತಿಂದು ಅದರ ಮೈಯಲ್ಲಿರೋ ನೀರಲ್ಲೇ ಹೆಚ್ಚುಕಮ್ಮಿ ದಿನ ದೂಡ್ತಿತ್ತು. 4 ಕೆಜಿ ಬೆಕ್ಕಿನ ಕಿಡ್ನಿ ದಿನಕ್ಕೆ ಹತ್ತು ಲೀಟರಿಗೂ ಮೀರಿ ನೀರು ರಕ್ತದಿಂದ ಸೋಸಿ, ಅಷ್ಟನ್ನೂ ವಾಪಸ್ ಎಳ್ಕೊಂಡು, ಕೊನೆಗೆ ಹೊರಗೆ ಬಿಡೋದು ಒಂದು ಲೋಟ ಕಾಫಿಯಷ್ಟು ಉಚ್ಚೆ. ಈ ವಾಪಸ್ ಎಳ್ಕೊಳ್ಳೋ ಕೆಲಸ ಎಲ್ಲಿ ಕೆಟ್ಟಿದೆ ಅಂತ ಹುಡುಕೋದೇ ನಮ್ಮ ಕೆಲಸ. ಕಿಡ್ನೀಲಿ ಸೋಸೋ ಜರಡಿಗಳೇ ಕಮ್ಮಿ ಆಗಿರಬಹುದು, ಸಕ್ಕರೆ ಉಚ್ಚೆಗೆ ಸೋರಿ ಜೊತೆಗೆ ನೀರನ್ನೂ ಎಳ್ಕೊಂಡು ಹೋಗ್ತಿರಬಹುದು, ಥೈರಾಯ್ಡ್ ಹೆಚ್ಚಾಗಿ ರಕ್ತ ಜೋರಾಗಿ ನುಗ್ತಿರಬಹುದು, ಗರ್ಭಕೋಶದಲ್ಲಿ ಇಲ್ಲಾ ಕಿಡ್ನೀಲೇ ಸೋಂಕಾಗಿ ಅದರ ವಿಷ ನೀರು ಹಿಡಿದಿಡೋ ಹಾರ್ಮೋನಿನ ಮಾತು ಕಿಡ್ನಿಗೆ ಕೇಳದಂಗೆ ಮಾಡ್ತಿರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ರೂ, ಪೊಟ್ಯಾಸಿಯಂ ಇಳಿದ್ರೂ, ಲಿವರ್ ಕೆಟ್ರೂ ಹಿಂಗಾಗತ್ತೆ, ನಾವೇ ಕೊಟ್ಟ ಸ್ಟೀರಾಯ್ಡು, ನೀರಿಳಿಸೋ ಮಾತ್ರೆಯಿಂದ್ಲೂ ಆಗತ್ತೆ. ಆ ಹಾರ್ಮೋನೇ ಇಲ್ಲದಿರೋದು, ಸುಮ್ಸುಮ್ನೆ ಚಟಕ್ಕೆ ನೀರು ಕುಡಿಯೋದು ಬೆಕ್ಕಲ್ಲಿ ಬಲು ಅಪರೂಪ, ಅದನ್ನ ಕೊನೆಗೆ ಯೋಚನೆ ಮಾಡೋದು.

ಈಗ ಕೆಲಸದ ಮಾತು. ಡಾಕ್ಟ್ರ ಹತ್ರ ಹೋಗೋ ಮುಂಚೆ ಮೂರು ದಿನ ನೀರು ಅಳೀರಿ. ನಮ್ಮ ಹತ್ರ ಬರೋರೆಲ್ಲ ತುಂಬಾ ಕುಡೀತಾನೆ ಅಂತಾರೆ, ತುಂಬಾ ಅಂದ್ರೆ ಎಷ್ಟು ಅಂತ ಕೇಳಿದ್ರೆ ಕೈ ಅಗಲ ಮಾಡಿ ತೋರಿಸ್ತಾರೆ. ಬಕೆಟ್ಟುಗಳಿಗೆಲ್ಲ ಮುಚ್ಚಳ ಹಾಕಿ, ಆದ್ರೆ ಗುಂಡ ಕುಡಿಯೋ ಅದೇ ಬಚ್ಚಲಲ್ಲಿ ಅಗಲವಾದ ಬಟ್ಟಲಿಟ್ಟು ಅಳೆದು ಅರ್ಧ ಲೀಟರ್ ಹಾಕಿ, ಮಾರನೇ ದಿನ ಅದೇ ಹೊತ್ತಿಗೆ ಉಳಿದಿದ್ದನ್ನ ಮೆಡಿಕಲ್ ಶಾಪಲ್ಲಿ ಸಿಗೋ 50 ಎಂಎಲ್ ಸಿರಿಂಜಲ್ಲಿ ಎಳೆದು ಅಳೀರಿ, ಬಕೆಟ್ ಇಲ್ಲದ್ದಕ್ಕೆ ಕುಡಿಯದೇ ಇರದಂಗೆ ಮಾತ್ರ ನೋಡ್ಕೊಳ್ಳಿ. ಬೇಸಿಗೇಲಿ ಬರೀ ಆರಿಹೋಗೋದೇ ಸುಮಾರಿರತ್ತೆ, ಅದಕ್ಕೆ ಅಂಥದ್ದೇ ಇನ್ನೊಂದು ಬಟ್ಟಲು ಅವನಿಗೆ ಸಿಗದ ಕಡೆ ಇಟ್ಟು ಎಷ್ಟು ಆರಿತು ಅಂತ ನೋಡಿ ಕಳೀರಿ. ಲೆಕ್ಕ ಇಷ್ಟೇ, ಊಟದಲ್ಲಿರೋ ನೀರೂ ಸೇರಿ ಬೆಕ್ಕಿಗೆ ದಿನಕ್ಕೆ ಕೆಜಿಗೆ 50 ಎಂಎಲ್ ಆಸುಪಾಸು ಬೇಕು, ನಿಮ್ಮ 4 ಕೆಜಿ ಗುಂಡನಿಗೆ 200. ಕೆಜಿಗೆ 100 ದಾಟಿ 400 ಆಯ್ತು ಅಂದ್ರೆ ಅಲ್ಲಿಗೆ ವಾದ ಮುಗೀತು. ನಡುವೆ ಎಲ್ಲೋ ಇದ್ರೂ, ಮುಂಚೆ ಮೂಸಿ ನೋಡದೋನು ಈಗ ಕುಡೀತಾನೆ ಅಂದ್ರೆ ನಾನಂತೂ ಟೆಸ್ಟ್ ಮಾಡ್ಸಿ ಅಂತೀನಿ.

ಎರಡನೇದು ಉಚ್ಚೆ ಸ್ಯಾಂಪಲ್. ಬೆಕ್ಕಿಗೆ ಗಂಟೆ ಕಟ್ಟೋದಾದ್ರೂ ಸುಲಭ, ಉಚ್ಚೆ ಹಿಡಿಯೋದು ಅಂದ್ರೆ ಜನ ಕೈ ಚೆಲ್ತಾರೆ. ಟ್ರೇ ಬಿಸಿನೀರಲ್ಲಿ ತೊಳೆದು ಒಣಗಿಸಿ, ಲಿಟರ್ ಬದ್ಲು ಅಕ್ವೇರಿಯಂಗೆ ಹಾಕೋ ಸಣ್ಣ ಕಲ್ಲು ತೊಳೆದು ಹರಡಿ, ಅದು ಉಚ್ಚೆ ಹೀರಲ್ಲ, ಅವನು ಕೂತು ಹೋದ್ಮೇಲೆ ಟ್ರೇ ಓರೆ ಮಾಡಿ ಸಿರಿಂಜಲ್ಲಿ ಎಳ್ಕೊಳ್ಳಿ. ಒಂದೆರಡು ಗಂಟೇಲಿ ಕೊಡಿ, ತಡ ಆದ್ರೆ ಫ್ರಿಜ್ಜಲ್ಲಿಡಿ, ಮನೆಯೋರಿಗೆ ಹೇಳಿ ಇಡಿ. ಆಗಲೇ ಇಲ್ಲ ಅಂದ್ರೆ ಚಿಂತೆ ಇಲ್ಲ, ಡಾಕ್ಟ್ರು ಹೊಟ್ಟೆ ಮೇಲಿಂದ ಸಣ್ಣ ಸೂಜೀಲಿ ತೆಗೀತಾರೆ, ನೋಡೋಕೆ ಭಯ ಆಗತ್ತೆ ಬೆಕ್ಕಿಗೆ ಅಷ್ಟೇನೂ ನೋವಾಗಲ್ಲ, ಸೋಂಕು ಇದ್ಯಾ ಅಂತ ಕಲ್ಚರ್ ಮಾಡೋಕೆ ಅಂತೂ ಹಂಗೆ ತೆಗೆದಿದ್ದೇ ಬೇಕು. ಒಂದು ಮಾತು ಮರೀಬೇಡಿ, ಡ್ರಿಪ್ ಹಾಕೋ ಮುಂಚೆ ಸ್ಯಾಂಪಲ್ ಹೋಗ್ಬೇಕು, ಡ್ರಿಪ್ ಆದ್ಮೇಲೆ ಎಂಥಾ ಒಳ್ಳೇ ಕಿಡ್ನಿ ಉಚ್ಚೆನೂ ತೆಳ್ಳಗಿರತ್ತೆ.

ಆ ಉಚ್ಚೇಲಿ ನಾನು ಮೊದಲು ನೋಡೋದು ಎಷ್ಟು ಗಟ್ಟಿ ಇದೆ ಅಂತ, ಸ್ಪೆಸಿಫಿಕ್ ಗ್ರಾವಿಟಿ ಅಂತೀವಿ. ಮಂಡ್ಯ ಕಡೆಯೋರಿಗೆ ಇದು ಥಟ್ ಅಂತ ಗೊತ್ತಾಗತ್ತೆ, ಕಬ್ಬಿನ ಹಾಲು ಒಂದು ತೊಟ್ಟು ಗಾಜಿನ ಮೇಲೆ ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ಬ್ರಿಕ್ಸ್, ಅಂದ್ರೆ ಸಕ್ಕರೆ ಅಂಶ ಎಷ್ಟಿದೆ ಅಂತ, ನೋಡ್ತಾರಲ್ಲ, ಅದೇ ಥರದ ಕೊಳವೆ, ಒಳಗಿನ ಅಂಕಿ ಮಾತ್ರ ಬೇರೆ. ಮೇಲೆ ನೀಲಿ ಕೆಳಗೆ ಬಿಳಿ ಕಾಣತ್ತೆ, ಎರಡೂ ಸೇರೋ ಗೆರೆ ಎಲ್ಲಿದೆಯೋ ಅದೇ ಉತ್ತರ. ಬೆಕ್ಕಿಗೆ 1.035 ಮೇಲಿದ್ರೆ ಕಿಡ್ನಿ ನೀರು ಹಿಡೀತಿದೆ ಅಂತ ಲೆಕ್ಕ. 1.008 ರಿಂದ 1.012 ಒಳಗೇ ಯಾವಾಗ ನೋಡಿದ್ರೂ ನಿಂತಿದ್ರೆ ಕಿಡ್ನಿ ಗಟ್ಟಿನೂ ಮಾಡ್ತಿಲ್ಲ ತೆಳ್ಳಗೂ ಮಾಡ್ತಿಲ್ಲ, ಸೋಸಿದ್ದನ್ನ ಹಂಗಂಗೇ ಬಿಡ್ತಿದೆ ಅಂತರ್ಥ. ಅದಕ್ಕೂ ಕೆಳಗಿಳಿದ್ರೆ ಕಿಡ್ನಿಗೆ ಕೆಲಸ ಗೊತ್ತಿದೆ, ಅದಕ್ಕೆ ಹೇಳೋರು ಸರಿ ಇಲ್ಲ, ಹಾರ್ಮೋನ್ ಕಡೆ ಹುಡುಕ್ಬೇಕು. ಉಚ್ಚೇಲಿ ಸಕ್ಕರೆ ಇದ್ರೆ ಈ ಅಂಕಿ ಸ್ವಲ್ಪ ಮೇಲೆ ತೋರಿಸಿ ಮೋಸ ಮಾಡತ್ತೆ, ಅದಕ್ಕೇ ಜೊತೆಗೇ ಸಕ್ಕರೆ ಇದ್ರೆ ಬಣ್ಣ ತಿರುಗೋ ಟೆಸ್ಟ್ ಪಟ್ಟಿಯೂ ಅದ್ದಿ ನೋಡೋದು. ಅದೇ ಪಟ್ಟೀಲಿ ಗ್ರಾವಿಟಿಗೂ ಒಂದು ಚೌಕ ಇರತ್ತೆ, ಬೆಕ್ಕಿನ ವಿಷಯದಲ್ಲಿ ಅದನ್ನ ನಂಬಬೇಡಿ.

ಆಮೇಲೆ ರಕ್ತ. ಕ್ರಿಯಾಟಿನಿನ್, ಯೂರಿಯಾ, ಸಕ್ಕರೆ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಲಿವರಿನದ್ದು, ಗುಂಡನ ವಯಸ್ಸಿಗೆ ಥೈರಾಯ್ಡ್ ಟಿ4 ಕೂಡ. ಕ್ರಿಯಾಟಿನಿನ್ ನಾರ್ಮಲ್ ಬಂತು ಅಂತ ಸಿಹಿ ಹಂಚಬೇಡಿ, ಯಾಕಂದ್ರೆ ಕಿಡ್ನೀಲಿ ಸುಮಾರು ಮೂರನೇ ಎರಡು ಪಾಲು ಹೋದಾಗ್ಲೇ ಉಚ್ಚೆ ಗಟ್ಟಿ ಮಾಡೋ ಶಕ್ತಿ ಹೋಗತ್ತೆ, ಕ್ರಿಯಾಟಿನಿನ್ ಏರೋದು ಮುಕ್ಕಾಲು ಪಾಲು ಹೋದ್ಮೇಲೆ, ಅಂದ್ರೆ ರಿಪೋರ್ಟಿಗಿಂತ ಮುಂಚೆ ಬಕೆಟ್ಟೇ ಹೇಳಿರತ್ತೆ. ಎಸ್‌ಡಿಎಂಎ ಅಂತ ಇನ್ನೊಂದು ಟೆಸ್ಟ್ ಇದೆ, ಅದು ಸಾಮಾನ್ಯವಾಗಿ ಇನ್ನೂ ಬೇಗ ಏರತ್ತೆ, ಮಾಂಸಖಂಡ ಕರಗಿದ ಮುದಿ ಬೆಕ್ಕಲ್ಲಿ ಕ್ರಿಯಾಟಿನಿನ್ ಸುಳ್ಳು ಹೇಳಿದಾಗ ಕೈಹಿಡಿಯತ್ತೆ. ಕಿಡ್ನಿನೇ ಅಂತಾದ್ರೆ ಕ್ರಿಯಾಟಿನಿನ್ 1.6 ತನಕ ಮೊದಲನೇ ಹಂತ, 2.8 ತನಕ ಎರಡನೇದು, 5 ತನಕ ಮೂರನೇದು, ಅದರಾಚೆ ನಾಲ್ಕು. ಎರಡನೇ ಹಂತದಲ್ಲಿ ಸಿಕ್ಕ ಬೆಕ್ಕು ಊಟ ಬದಲಾಯಿಸಿಕೊಂಡು ವರ್ಷಗಟ್ಟಲೆ ಇರೋದು ನಾನು ನೋಡಿದೀನಿ, ಇನ್ನೇನೂ ಮಾಡಕ್ಕಾಗಲ್ಲ ಅನ್ನೋ ಮಾತಿಗೆ ಅರ್ಥ ಇಲ್ಲ. ಬಿಪಿ ನೋಡ್ಸೋದನ್ನೂ ಬಿಡಬೇಡಿ, ಕಿಡ್ನಿ ಬೆಕ್ಕಿಗೆ ಬಿಪಿ ಏರಿ ಒಂದೇ ರಾತ್ರೀಲಿ ಕಣ್ಣು ಹೋಗಬಹುದು.

ಇಷ್ಟೆಲ್ಲ ಆಗೋ ತನಕ ಮನೆ ಡಬ್ಬೀಲಿರೋ ನೋವಿನ ಮಾತ್ರೆ ಜ್ವರದ ಮಾತ್ರೆ ಯಾವುದೂ ಬೇಡ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಹಂಗೇ ಬೊಕೇಲಿ ಬರೋ ದೊಡ್ಡ ಲಿಲ್ಲಿ ಹೂವು ಮನೇಲಿದ್ರೆ ಇವತ್ತೇ ಆಚೆ ಹಾಕಿ, ಅದರ ಪರಾಗ ಮೈಗೆ ಮೆತ್ಕೊಂಡು ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಎರಡು ಮೂರು ದಿನದಲ್ಲಿ ಕೈಕೊಡತ್ತೆ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ಮನೇಲಿ ಒಂದು ಕರೀ ಕೊತ್ತಿ ಐತೆ, ಗಂಡು, 8 ವರ್ಸ, 7 ಕೆಜಿ ಇದ್ದುದ್ದು ಈಗ 6ಕ್ಕೆ ಇಳ್ದದೆ. ನೀರು ಕುಡ್ದಿದ್ದೇ ಕುಡ್ದಿದ್ದು. ಹಿತ್ಲಲ್ಲಿ ಮರಳ ಮೇಲೆ ಉಚ್ಚೆ ಉಯ್ದ್ರೆ ಇರುವೆ ಮುತ್ಕತವೆ. ಹಿಂಗಾಲು ಹಿಮ್ಮಡಿ ಊರ್ಕಂಡು ನಡೀತದೆ, ಮೊದ್ಲೆಲ್ಲ ಹಂಗಿರ್ನಿಲ್ಲ. ಒಬ್ರು ಡಾಕ್ಟ್ರು ರಕ್ತ ನೋಡಿ ಸುಗರ್ 310 ಐತೆ ಇನ್ಸುಲಿನ್ ಹಾಕದೇಯ ಅಂದ್ರು, ಇನ್ನೊಬ್ರು ಕೊತ್ತಿ ಹೆದ್ರುಕಂಡ್ರೂ ಅಷ್ಟು ಬತ್ತದೆ ಬುಡಿ ಅಂದ್ರು. ಯಾರ ಮಾತು ನಂಬದು? ತುರಿಕೆ ಅಂತ ತಿಂಗ್ಳಿಗೊಂದು ಇಂಜೆಕ್ಷನ್ ನಾಕು ಸಲ ಹಾಕ್ಸಿದ್ದೋ, ಅದ್ರಿಂದ ಏನಾರ ಆಗಿದ್ದದಾ?
– ಓದುಗರು, ಗುತ್ತಲು, ಮಂಡ್ಯ

ಉತ್ತರ: ಇಬ್ರೂ ಸುಳ್ಳು ಹೇಳಿಲ್ಲಣ್ಣ. ಬೆಕ್ಕನ್ನ ಚೀಲಕ್ಕೆ ತುಂಬಿ ಬೈಕಲ್ಲಿ ತಂದು, ನಾಯಿ ಬೊಗಳೋ ಕಡೆ ಅರ್ಧ ಗಂಟೆ ಕೂರಿಸಿ ರಕ್ತ ತೆಗೆದ್ರೆ ಏನೂ ಕಾಯಿಲೆ ಇಲ್ಲದ ಬೆಕ್ಕಿಗೂ ಸಕ್ಕರೆ 300 ದಾಟಬಹುದು, ನಾಯಿಗೆ ಹಿಂಗಾಗೋದು ಕಮ್ಮಿ, ಬೆಕ್ಕಿಗೆ ಇದು ಮಾಮೂಲು. ಅದಕ್ಕೇ ಒಂದು ಅಂಕಿ ಹಿಡ್ಕೊಂಡು ಇನ್ಸುಲಿನ್ ಶುರು ಮಾಡಬಾರದು, ಕಾಯಿಲೆ ಇಲ್ಲದ ಬೆಕ್ಕಿಗೆ ಚುಚ್ಚಿದ್ರೆ ಸಕ್ಕರೆ ಪಾತಾಳಕ್ಕಿಳಿದು ಫಿಟ್ಸ್ ಬರಬಹುದು, ಜೀವಾನೂ ಹೋಗಬಹುದು.

ಬಿಡಿಸ್ಕೊಳ್ಳೋ ದಾರಿ ಎರಡಿವೆ. ಮನೇಲೇ, ಹೆದರಿಕೆ ಇಲ್ಲದ ಹೊತ್ತಲ್ಲಿ ಹೊಯ್ದ ಉಚ್ಚೆಗೆ ಮೆಡಿಕಲ್ ಶಾಪಿನ ಯೂರಿನ್ ಶುಗರ್ ಪಟ್ಟಿ ಅದ್ದಿ, ಎರಡು ಮೂರು ದಿನ. ರಕ್ತದಲ್ಲಿ ಸಕ್ಕರೆ ಸುಮಾರು 250ರಿಂದ 290 ದಾಟಿದ್ರೇನೇ ಬೆಕ್ಕಿನ ಉಚ್ಚೆಗೆ ಇಳಿಯೋದು, ಸ್ವಲ್ಪ ಹೊತ್ತು ಹೆದರಿಕೊಂಡಿದ್ದಕ್ಕೆ ಅಷ್ಟಾಗಿ ಇಳಿಯಲ್ಲ, ದಿನಾ ಪಟ್ಟಿ ಬಣ್ಣ ತಿರುಗ್ತಿದ್ರೆ ಹೆದರಿಕೆ ಕಥೆ ಮುಗೀತು. ಇನ್ನೊಂದು ಫ್ರಕ್ಟೋಸಮೈನ್ ಅಂತ ರಕ್ತದ ಟೆಸ್ಟು, ನಮಗೆ ಮೂರು ತಿಂಗಳ ಸರಾಸರಿ ನೋಡ್ತಾರಲ್ಲ ಹಂಗೆ ಇದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳತ್ತೆ, ಅವತ್ತಿನ ಗಾಬರಿ ಅದರಲ್ಲಿ ಸೇರಲ್ಲ.

ಇರುವೆ ವಿಷಯ ಓದಿ ನಕ್ಕೆ, ನಮ್ಮಜ್ಜಿನೂ ಇದೇ ಟೆಸ್ಟ್ ಮಾಡೋರು. ಇರುವೆ ಬಂದ್ರೆ ಅನುಮಾನ ಪಡಿ, ಬರಲಿಲ್ಲ ಅಂತ ಬಿಡಬೇಡಿ ಅಷ್ಟೆ. ಇರುವೆಗಿಂತ ನನ್ನ ಕಣ್ಣು ಹೋಗಿದ್ದು ಹಿಮ್ಮಡಿ ಮೇಲೆ. ಬೆಕ್ಕು ಯಾವಾಗ್ಲೂ ಬೆರಳ ತುದೀಲಿ ನಡಿಯೋ ಪ್ರಾಣಿ, ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿ ಮೊಲದ ಥರ ನಡೀತಿದೆ ಅಂದ್ರೆ ತುಂಬಾ ದಿನದ ಸಕ್ಕರೆಗೆ ಕಾಲಿನ ನರ ಸೋತಿರಬಹುದು. ದಪ್ಪ ಗಂಡು, ತೂಕ ಇಳಿದಿದೆ, ಕಾಲು ಹಿಂಗೆ, ಮೇಲೆ 310, ಎಲ್ಲ ಸೇರಿಸಿ ನೋಡಿದ್ರೆ ಇದು ಸಕ್ಕರೆ ಕಾಯಿಲೆನೇ ಅಂತ ನನಗನ್ನಿಸ್ತಿದೆ, ಆದ್ರೂ ಪಟ್ಟಿ ಅದ್ದದೇ ಸೂಜಿ ಹಿಡೀಬೇಡಿ. ಇಂಜೆಕ್ಷನ್ ಚೀಟಿ ಹುಡುಕಿ ಡಾಕ್ಟ್ರಿಗೆ ತೋರಿಸಿ, ತಿಂಗಳುಗಟ್ಟಲೆ ಕೆಲಸ ಮಾಡೋ ಸ್ಟೀರಾಯ್ಡ್ ಆಗಿದ್ರೆ ಅದೇ ಕಿಡಿ ಹಚ್ಚಿರಬಹುದು, ಮತ್ತೆ ಹಾಕ್ಸಬೇಡಿ. ಒಳ್ಳೇದೇನಂದ್ರೆ ಬೇಗ ಇನ್ಸುಲಿನ್ ಶುರುವಾಗಿ ಊಟದಲ್ಲಿ ಅನ್ನ ಬಿಸ್ಕತ್ತು ನಿಂತ್ರೆ ಕೆಲವು ಬೆಕ್ಕಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ನೇ ಬೇಡ ಆಗತ್ತೆ. ಊಟದ ಬದಲಾವಣೆ ನಿಧಾನಕ್ಕೆ ಮಾಡಿ, ದಪ್ಪ ಕೊತ್ತಿ ಎರಡು ಮೂರು ದಿನ ಉಪವಾಸ ಬಿದ್ರೆ ಲಿವರಿಗೆ ಕೊಬ್ಬು ತುಂಬಿಕೊಂಡು ಅದೇ ದೊಡ್ಡ ಕಾಯಿಲೆ ಆಗತ್ತೆ. ಮನೇಲಿ ಅಜ್ಜ ನುಂಗೋ ಸಕ್ಕರೆ ಮಾತ್ರೆ ಅರ್ಧ ಮಾಡಿ ಕೊಡೋ ಯೋಚನೆ ಬೇಡ. ಊಟ ಬಿಟ್ಟು ವಾಂತಿ ಶುರುವಾದ್ರೆ ಪಟ್ಟಿ ಗಿಟ್ಟಿ ಅಂತ ಕಾಯದೆ ಅವತ್ತೇ ಹೊರಡಿ.

ಪ್ರಶ್ನೆ: ನಮ್ಮ ಸಿಂಗಾರಿಗೆ 5 ವರ್ಷ, ಆಪರೇಷನ್ ಮಾಡ್ಸಿಲ್ಲ. ಹೋದ ತಿಂಗಳು ಬೆದೆಗೆ ಬಂದು ರಾತ್ರಿಯೆಲ್ಲ ಕೂಗ್ತಿದ್ಲು. ಈಗ ಒಂದು ವಾರದಿಂದ ನೀರು ತುಂಬಾ ಕುಡೀತಾಳೆ, ಊಟ ಮೂಸಿ ಬಿಡ್ತಾಳೆ, ಹೊಟ್ಟೆ ದಪ್ಪ ಕಾಣ್ತಿದೆ, ಬಸುರಿ ಇರಬಹುದಾ?
– ಆರ್., ಶ್ರೀರಂಗಪಟ್ಟಣ

ಉತ್ತರ: ಈ ಪತ್ರಕ್ಕೆ ಪತ್ರಿಕೇಲಿ ಉತ್ತರ ಬರೋ ತನಕ ಕಾಯೋ ಹಂಗಿರ್ಲಿಲ್ಲ, ಫೋನ್ ನಂಬರ್ ಬರೆದಿದ್ರು ಪುಣ್ಯಕ್ಕೆ, ಅವತ್ತೇ ಮಾತಾಡ್ದೆ. ಬೇರೆಯೋರಿಗೂ ಗೊತ್ತಿರಲಿ ಅಂತ ಹಾಕ್ತಿದೀನಿ. ಆಪರೇಷನ್ ಆಗದ ಹೆಣ್ಣು, ಬೆದೆ ಮುಗಿದು ನಾಕೈದು ವಾರ, ನೀರು ಜಾಸ್ತಿ, ಮಂಕು, ಹೊಟ್ಟೆ ದಪ್ಪ, ಇಷ್ಟು ಸೇರಿದ್ರೆ ಗರ್ಭಕೋಶದಲ್ಲಿ ಕೀವು ತುಂಬಿದೆ ಅಂತಲೇ ಹೊರಡಿ, ಅಲ್ಲ ಅಂತ ಸ್ಕ್ಯಾನಿಂಗ್ ಹೇಳಲಿ. ಕೆಳಗಡೆಯಿಂದ ಕೀವು ಸೋರ್ತಿದ್ರೆ ನಿಮಗೇ ಕಾಣತ್ತೆ, ಬೆಕ್ಕು ನೆಕ್ಕಿ ಕ್ಲೀನ್ ಮಾಡ್ಕೊಂಡ್ರೆ ಅದೂ ಕಾಣಲ್ಲ, ಗರ್ಭಕೋಶದ ಬಾಯಿ ಮುಚ್ಚಿದ್ರೆ ಒಂದು ತೊಟ್ಟೂ ಹೊರಗೆ ಬರಲ್ಲ, ಅದೇ ಜಾಸ್ತಿ ಅಪಾಯ, ಒಳಗೇ ಒಡೆದ್ರೆ ಬದುಕಿಸೋದು ಕಷ್ಟ. ಇಲ್ಲಿ ನೀರು ಅಳೆಯೋದು ಸಿರಿಂಜು ಗಿರಿಂಜು ಏನೂ ಬೇಡ. ಸಿಂಗಾರಿಗೆ ಅವತ್ತು ಸಂಜೆನೇ ಸ್ಕ್ಯಾನ್ ಆಗಿ ಮಾರನೇ ಬೆಳಿಗ್ಗೆ ಗರ್ಭಕೋಶ ತೆಗೆದ್ರು, ಹತ್ತು ದಿನಕ್ಕೆ ನೀರು ಕುಡಿಯೋದು ತನ್ನಷ್ಟಕ್ಕೇ ಇಳೀತು ಅಂತ ಮನೆಯೋರು ಹೇಳಿದ್ರು. ಕಿಡ್ನಿಗೆ ಏನೂ ಆಗಿರ್ಲಿಲ್ಲ, ಕೀವಿನ ವಿಷಕ್ಕೆ ಅದು ಕಿವುಡಾಗಿತ್ತು ಅಷ್ಟೆ.

ಪ್ರಶ್ನೆ: 14 ವರ್ಷದ ಹೆಣ್ಣು ಬೆಕ್ಕು. ನೀರು, ಉಚ್ಚೆ ಎರಡೂ ಜಾಸ್ತಿ, ಆದ್ರೆ ಹಸಿವು ಭಯಂಕರ, ದೋಸೆನೂ ಬಿಡಲ್ಲ, ಆದ್ರೂ ಮೂಳೆ ಕಾಣ್ತಿದೆ. ಬೆಳಗಿನ ಜಾವ ಮನೆಯೆಲ್ಲ ಓಡಾಡಿ ಕಿರಿಚತ್ತೆ. ನಾವೇ ಮನುಷ್ಯರ ಲ್ಯಾಬಿಗೆ ರಕ್ತ ಕಳ್ಸಿದ್ವಿ, ಥೈರಾಯ್ಡ್ ಟಿ4 8.2, ನಾರ್ಮಲ್ ಅಂತ ಬಂತು, ಕ್ರಿಯಾಟಿನಿನ್ 1.5, ಅದಕ್ಕೆ ಕೆಂಪು ಗುರುತು ಹಾಕಿದಾರೆ. ಕಿಡ್ನಿ ಊಟ ಶುರು ಮಾಡ್ಬೇಕಾ?
– ಕೆ., ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ರಿಪೋರ್ಟು ನೋಡಿ ಒಂದು ಕ್ಷಣ ತಲೆ ಚಚ್ಕೊಂಡೆ, ನಿಮ್ಮ ಮೇಲೆ ಕೋಪ ಅಲ್ಲ. ಮಷೀನು ಕೊಟ್ಟ ಅಂಕಿ ಸರಿ ಇರಬಹುದು, ಪಕ್ಕದಲ್ಲಿ ಅಚ್ಚಾಗಿರೋ ನಾರ್ಮಲ್ ರೇಂಜು ಮನುಷ್ಯರದ್ದು. ಮನುಷ್ಯರಿಗೆ ಟಿ4 ಸುಮಾರು 5ರಿಂದ 12, ಬೆಕ್ಕಿಗೆ 4ರ ಆಸುಪಾಸಿಗೇ ಮೇಲಿನ ಗೆರೆ, ಹಂಗಾಗಿ 8.2 ಅಂದ್ರೆ ಬೆಕ್ಕಿಗೆ ಎರಡರಷ್ಟು. ಕ್ರಿಯಾಟಿನಿನ್ ಇದಕ್ಕೆ ಉಲ್ಟಾ, ನಮಗೆ 1.5 ಜಾಸ್ತಿ ಆದ್ರೆ ಬೆಕ್ಕಿಗೆ ಅದು ಗೆರೆ ಒಳಗೇ ಇದೆ. ಅಂದ್ರೆ ಕಾಯಿಲೆ ಇರೋದಕ್ಕೆ ನಾರ್ಮಲ್ ಅಂತಲೂ ನಾರ್ಮಲ್ ಇರೋದಕ್ಕೆ ಕಾಯಿಲೆ ಅಂತಲೂ ಬಂದಿದೆ. ಜಾಸ್ತಿ ತಿಂದೂ ಸೊರಗೋದು, ನಿದ್ದೆಗೆಟ್ಟು ಕಿರಿಚೋದು, ಈ ವಯಸ್ಸು, ಎಲ್ಲ ಥೈರಾಯ್ಡಿಗೇ ಹೊಂದತ್ತೆ. 1979ರಲ್ಲಿ ಅಮೆರಿಕದಲ್ಲಿ ಬೆಕ್ಕಿಗೂ ಹಿಂಗಾಗತ್ತೆ ಅಂತ ಮೊದಲು ವಿವರವಾಗಿ ಬರೆದಿದ್ದು, ಈಗ ಮುದಿ ಬೆಕ್ಕುಗಳಲ್ಲಿ ನಾವು ಹುಡುಕೋ ಮೊದಲ ಹಾರ್ಮೋನ್ ಕಾಯಿಲೆಗಳಲ್ಲಿ ಇದೂ ಒಂದು. ಡಾಕ್ಟ್ರು ಗಂಟಲ ಪಕ್ಕ ಬೆರಳು ಜಾರಿಸಿ ಸಣ್ಣ ಗಂಟು ಸಿಗತ್ತಾ ನೋಡ್ತಾರೆ, ಎದೆಬಡಿತ ಎಣಿಸ್ತಾರೆ.

ಕಿಡ್ನಿ ಊಟ ಈಗ್ಲೇ ಬೇಡ. ಆದ್ರೆ ಒಂದು ಎಚ್ಚರ, ಥೈರಾಯ್ಡ್ ಜಾಸ್ತಿ ಇದ್ದಾಗ ರಕ್ತ ಕಿಡ್ನಿಗೆ ರಭಸವಾಗಿ ನುಗ್ಗಿ ಕ್ರಿಯಾಟಿನಿನ್ನನ್ನ ತಗ್ಗಿಸಿ ಇಟ್ಟಿರತ್ತೆ, ಮಾಂಸ ಕರಗಿರೋದ್ರಿಂದ್ಲೂ ತಗ್ಗತ್ತೆ, ಮಾತ್ರೆ ಶುರುವಾಗಿ ಥೈರಾಯ್ಡ್ ಇಳಿದ್ಮೇಲೆ ಅಡಗಿದ್ದ ಕಿಡ್ನಿ ಕಾಯಿಲೆ ತಲೆ ಎತ್ತಬಹುದು. ಅದು ಮಾತ್ರೆ ಮಾಡಿದ ಕೇಡಲ್ಲ, ಮುಂಚೆಯಿಂದ ಇದ್ದಿದ್ದು ಕಾಣ್ತು ಅಷ್ಟೆ. ಅದಕ್ಕೇ ಮಾತ್ರೆ ಶುರುವಾಗಿ ಮೂರು ನಾಲ್ಕು ವಾರಕ್ಕೆ ರಕ್ತ, ಉಚ್ಚೆ ಎರಡೂ ಮತ್ತೆ ನೋಡ್ಸಿ.

ಪ್ರಶ್ನೆ: 3 ವರ್ಷದ ಗಂಡು ಬೆಕ್ಕು, ನಿನ್ನೆಯಿಂದ ಹತ್ತು ನಿಮಿಷಕ್ಕೊಂದು ಸಲ ಟ್ರೇಗೆ ಹೋಗ್ತಾನೆ, ತುಂಬಾ ಉಚ್ಚೆ ಅನ್ಸತ್ತೆ, ಕೂಗ್ತಾನೆ. ಸಕ್ಕರೆ ಕಾಯಿಲೆ ಇರಬಹುದಾ?
– ಚಾಮುಂಡಿಪುರಂ, ಮೈಸೂರು

ಉತ್ತರ: ತುಂಬಾ ಸಲ ಹೋಗೋದು ಬೇರೆ, ತುಂಬಾ ಉಚ್ಚೆ ಹೋಗೋದು ಬೇರೆ. ಟ್ರೇ ಒದ್ದೆ ಆಗಿದ್ಯಾ ನೋಡಿ. ಹನಿಹನಿ ಬಂದು ಅಥವಾ ಏನೂ ಬರದೆ ಮುಕ್ಕರಿಸಿ ಕೂಗ್ತಿದ್ರೆ ಮೂತ್ರದ ದಾರಿ ಕಟ್ಕೊಂಡಿದೆ, ಗಂಡು ಬೆಕ್ಕಿಗೆ ಆ ದಾರಿ ದಾರದಷ್ಟು ಸಣ್ಣ. ಒಂದೆರಡು ದಿನದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಇವರಿಗೂ ಫೋನ್ ಮಾಡಿದ್ದೆ, ಪತ್ರ ನನ್ನ ಕೈಗೆ ಬರೋ ಹೊತ್ತಿಗೆ ಅವರೇ ಕರ್ಕೊಂಡ್ಹೋಗಿ ಕ್ಯಾಥೆಟರ್ ಹಾಕ್ಸಿದ್ರು. ದಯವಿಟ್ಟು ಇಂಥದ್ದಕ್ಕೆ ಪತ್ರ ಬರೀಬೇಡಿ, ಆಟೋ ಹಿಡೀರಿ. ಕಟ್ಟಿದ್ದು ಬಿಟ್ಮೇಲೆ ಒಂದೆರಡು ದಿನ ನಿಜವಾಗ್ಲೂ ಲೀಟರ್ ಲೆಕ್ಕದಲ್ಲಿ ಹೋಗೋ ಹಾಗೆ ಕಾಣತ್ತೆ, ಅದಕ್ಕೇ ಅಡ್ಮಿಟ್ ಮಾಡ್ಕೊಂಡು ಡ್ರಿಪ್ಪಲ್ಲಿ ಇಡೋದು, ಬೇಗ ಮನೆಗೆ ಕಳ್ಸಿ ಅಂತ ಜಗಳ ಆಡ್ಬೇಡಿ.

ಪ್ರಶ್ನೆ: ಮೇಡಂ, ನಮ್ಮ ಪಿಂಟು 2 ವರ್ಷದೋನು, 4 ಕೆಜಿ, ಆಟ ಊಟ ಎಲ್ಲ ಚೆನ್ನಾಗಿದೆ. ಮುಂಚೆ ಮೀನು ಅನ್ನ ಹಾಕ್ತಿದ್ವಿ, ಹೋದ ತಿಂಗಳಿಂದ ಪ್ಯಾಕೆಟ್ಟಿನ ಒಣ ಫುಡ್ಡು. ಅವತ್ತಿಂದ ನೀರು ಕುಡಿಯೋದು ಕಂಡು ಭಯ ಆಗಿದೆ. ಅಳೆದು ನೋಡಿದ್ವಿ, ದಿನಕ್ಕೆ 130 ಎಂಎಲ್. ಒಣ ಫುಡ್ಡಿಗೆ ಕಿಡ್ನಿ ಹೋಗತ್ತೆ ಅಂತಾರಲ್ಲ?
– ಮದ್ದೂರು

ಉತ್ತರ: ಅಳೆದು ಬರೆದಿದ್ದಕ್ಕೆ ನಿಮಗೊಂದು ಮದ್ದೂರು ವಡೆ. ಮೀನು ಅನ್ನದಲ್ಲಿ ಮುಕ್ಕಾಲು ಪಾಲು ನೀರೇ, ದಿನಕ್ಕೆ 180 ಗ್ರಾಂ ತಿಂದ್ರೆ 130 ಎಂಎಲ್ ಆಸುಪಾಸು ನೀರು ತಟ್ಟೆಯಲ್ಲೇ ಹೋಗ್ತಿತ್ತು, ನೀವು ನೋಡ್ತಿರ್ಲಿಲ್ಲ ಅಷ್ಟೆ. ಒಣ ಫುಡ್ಡಲ್ಲಿ ನೀರು ಹತ್ತನೇ ಒಂದು ಪಾಲು, 60 ಗ್ರಾಂ ತಿಂದ್ರೆ ಸಿಗೋದು 6 ಎಂಎಲ್. ಉಳಿದಿದ್ದನ್ನ ಪಿಂಟು ಬಟ್ಟಲಿಂದ ಕುಡೀತಿದಾನೆ, ಒಂದು ಗ್ರಾಂ ಒಣ ಫುಡ್ಡಿಗೆ ಸುಮಾರು 2 ಎಂಎಲ್ ಅಂತ ಇಟ್ಕೊಂಡ್ರೂ 120 ಬಂತು, ನಿಮ್ಮ ಅಳತೆಗೆ ಸರಿಹೋಯ್ತು. ಇದು ಕಾಯಿಲೆ ಅಲ್ಲ. ಒಣ ಫುಡ್ಡಿಂದ್ಲೇ ಕಿಡ್ನಿ ಹೋಗತ್ತೆ ಅನ್ನೋದು ಸಾಬೀತಾಗಿರೋ ಮಾತಲ್ಲ, ಆದ್ರೆ ಗಂಡು ಬೆಕ್ಕಿನ ಉಚ್ಚೆ ಸ್ವಲ್ಪ ತೆಳ್ಳಗಿದ್ರೇನೇ ನನಗೆ ಸಮಾಧಾನ, ಮೇಲಿನ ಚಾಮುಂಡಿಪುರಂ ಪತ್ರ ಓದಿದ್ರಲ್ಲ. ಒಂದು ಹೊತ್ತು ಒಣದು, ಒಂದು ಹೊತ್ತು ಮೀನು ಬೇಯಿಸಿದ ನೀರಿನ ಜೊತೆ ಮೀನು ಹಾಕಿ, ಆ ನೀರಿಗೆ ಉಪ್ಪು ಈರುಳ್ಳಿ ಬೆಳ್ಳುಳ್ಳಿ ಬೀಳಬಾರದು, ನಿಮ್ಮ ಸಾರಿಗೆ ಮಸಾಲೆ ಹಾಕೋ ಮುಂಚೆ ತೆಗೆದಿಟ್ಕೊಳ್ಳಿ. ಸಿರಿಂಜು ಎಸೀಬೇಡಿ, ಮೂರು ತಿಂಗಳಿಗೊಮ್ಮೆ ಒಂದು ದಿನ ಅಳೆದು ಕ್ಯಾಲೆಂಡರಲ್ಲಿ ಗುರುತು ಹಾಕಿ, ಅದೇ ಊಟಕ್ಕೆ 130 ಇದ್ದಿದ್ದು 250 ಆದ ದಿನ ಬನ್ನಿ.